ಆಡಿಸದೆ ಮಾರಿದ ಹುಡುಗ

ಡೇನ್ ಮಾಬ್ರಿಯನ್ನು ನಾವು ಮಿಲ್ವಾಕಿಯವರು ಮೂರು ವರ್ಷ ಬೆಂಚಿನ ಮೇಲೆ ಕೂರಿಸಿಕೊಂಡಿದ್ದೆವು. ಆ ಮೂರು ವರ್ಷದಲ್ಲಿ ಅವನು ನಿಜವಾದ ಪಂದ್ಯದಲ್ಲಿ ಆಡಿದ್ದು ಬರೀ ಅರ್ಧ ಪಂದ್ಯ. ಅದನ್ನೇ ನಂಬಿಕೊಂಡು ಟೊಲೀಡೊದವರು ಅವನನ್ನು ಕೊಂಡರು. ಕೊಳ್ಳುವ ಮುಂಚೆ ಅವರ ಕಡೆಯ ಒಬ್ಬ ಮನುಷ್ಯ ನನ್ನ ಹತ್ತಿರ ಬಂದು ಒಂದು ಪ್ರಶ್ನೆ ಕೇಳಿದ. ಅವನು ಮೂವತ್ತೇಳು ವರ್ಷದಿಂದ ನನ್ನ ಗೆಳೆಯ, ಲೆನ್ ಗ್ರಬೋಸ್ಕಿ.

ನಾನು ಕ್ಲೇಟನ್ ಹ್ಯೂಬರ್. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ಹೇಳಿಕೊಡುವ ಕೋಚ್. ಪ್ರತಿ ಸಲವೂ ಚೆಂಡು ಮೊದಲು ಬಂದು ಬೀಳುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಅದನ್ನು ಯಾರಿಗೆ ಎಸೆಯಬೇಕೆಂದು ಅವನು ಮೂರು ಸೆಕೆಂಡಿನೊಳಗೆ ತೀರ್ಮಾನಿಸಬೇಕು. ಅಷ್ಟರೊಳಗೆ ಎದುರು ತಂಡದ ದೈತ್ಯರು ಅವನನ್ನು ನೆಲಕ್ಕೆ ಕೆಡವಲು ಓಡಿಬರುತ್ತಿರುತ್ತಾರೆ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇಲ್ಲದ ಊರಿನ ಜನ ಭಾನುವಾರ ಬಂತೆಂದರೆ ಮುಖ ಗಂಟಿಕ್ಕಿಕೊಂಡೇ ಏಳುತ್ತಾರೆ. ಟೊಲೀಡೊ ಹನ್ನೊಂದು ವರ್ಷದಿಂದ ಅಂಥ ಊರು.

ಲೆನ್ ಹುಟ್ಟಿ ಬೆಳೆದದ್ದು ಅಲ್ಲೇ. ಓಹಾಯೋದ ಒಂದು ಸಣ್ಣ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ತಂಡದಲ್ಲಿ ಆಡಿದವರು, ಒಂದೇ ಕೋಣೆಯಲ್ಲಿ ಮಲಗಿದವರು. ನಾನು ಕ್ವಾರ್ಟರ್‌ಬ್ಯಾಕ್, ಅವನು ಸೆಂಟರ್. ಅಂದರೆ ಮುಂದೆ ಬಗ್ಗಿ ನಿಂತು ಕಾಲಸಂದಿಯಿಂದ ಚೆಂಡನ್ನು ಹಿಂದಕ್ಕೆ ನನ್ನ ಕೈಗೆ ಕೊಡುವವನು. ನನ್ನ ಮದುವೆಯ ಊಟದಲ್ಲಿ ಗ್ಲಾಸು ಎತ್ತಿ ಹಿಡಿದು, "ಏನೇ ಹೇಳಮ್ಮ, ನನ್ನ ಹಿಂಭಾಗ ಪರಿಚಯ ಇರೋಷ್ಟು ಇವನಿಗೆ ನಿನ್ನ ಮುಖ ಪರಿಚಯ ಆಗೋಕೆ ಇನ್ನೂ ನಾಲ್ಕು ವರ್ಷ ಬೇಕು" ಅಂದಿದ್ದ. ನನ್ನ ಅತ್ತೆ ಅದಕ್ಕೆ ನಗಲಿಲ್ಲ.

ಕಾಲೇಜು ಮುಗಿದ ಮೇಲೆ ನಾನು ಕೋಚ್ ಆದೆ, ಅವನು ಆಟಗಾರರನ್ನು ಹುಡುಕುವವನಾದ. ಸಣ್ಣ ಸಣ್ಣ ಊರಿನ ಕಾಲೇಜುಗಳಿಗೆ ಕಾರು ಓಡಿಸಿಕೊಂಡು ಹೋಗಿ, ಚಳಿಯಲ್ಲಿ ಮೈದಾನದ ಅಂಚಿನಲ್ಲಿ ನಿಂತು, ಹುಡುಗರನ್ನು ನೋಡಿ ಬರೆದುಕೊಳ್ಳುವ ಕೆಲಸ. ಹತ್ತೊಂಬತ್ತು ವರ್ಷದಿಂದ ಟೊಲೀಡೊ ತಂಡಕ್ಕೆ ಅದನ್ನೇ ಮಾಡುತ್ತಿದ್ದ. ವರ್ಷಕ್ಕೆ ಇನ್ನೂರು ದಿನ ಮೋಟೆಲ್‌ನಲ್ಲಿ ಮಲಗುತ್ತಿದ್ದ. "ನಮ್ಮ ಬರ್ನಡೆಟ್‌ಗೆ ನಾನು ಮನೇಲಿದ್ರೇನೇ ಅನುಮಾನ, ಏನೋ ಆಗಿದೆ ಅಂತ" ಅಂತ ಹೆಂಡತಿಯ ಬಗ್ಗೆ ತಮಾಷೆ ಮಾಡುತ್ತಿದ್ದ.

ಡೇನ್ ನಮ್ಮಲ್ಲಿಗೆ ಬಂದಾಗ ಅವನಿಗೆ ಇಪ್ಪತ್ತಮೂರು. ಅರ್ಕನ್ಸಾದ ಕಡೆಯವನು, ಮಾತು ಕಡಿಮೆ, ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವವನು. ಅಭ್ಯಾಸದಲ್ಲಿ ಅವನು ಎಸೆದ ಚೆಂಡು ನೋಡಬೇಕು, ದಾರ ಎಳೆದ ಹಾಗೆ ನೇರವಾಗಿ ಹೋಗುತ್ತಿತ್ತು. ಆದರೆ ಮೊದಲನೇ ಬೇಸಿಗೆಯಲ್ಲೇ ನನಗೊಂದು ಕಾಣಿಸಿತು. ಎಡಗಡೆಯಿಂದ ಯಾರಾದರೂ ಮೇಲೆ ಬಿದ್ದುಬರುವ ಸುಳಿವು ಸಿಕ್ಕಿದರೆ ಅವನ ಕಣ್ಣು ಇಳಿಯುತ್ತಿತ್ತು. ದೂರದಲ್ಲಿ ಓಡುತ್ತಿರುವ ತನ್ನವರನ್ನು ನೋಡುವುದು ಬಿಟ್ಟು, ಬರುತ್ತಿರುವವನನ್ನು ನೋಡುತ್ತ ನಿಂತುಬಿಡುತ್ತಿದ್ದ. ಒಂದೇ ಒಂದು ಕ್ಷಣ. ನಮ್ಮ ಆಟದಲ್ಲಿ ಅಷ್ಟೇ ಸಾಕು.

ಮೂರು ವರ್ಷ ಅದನ್ನು ಬಿಡಿಸಲು ನೋಡಿದೆ. ಉದ್ದ ಕೋಲಿನ ಪೊರಕೆ ಹಿಡಿದುಕೊಂಡು ಅವನ ಎಡಮಗ್ಗುಲಿಗೆ ಹೊಡೆಯುತ್ತಿದ್ದೆ. ಅವನು ಅದನ್ನು ಲೆಕ್ಕಿಸದೆ ಮುಂದೆ ನೋಡುತ್ತ ಎಸೆಯಬೇಕು. ಪೊರಕೆಗೆ ಅವನು ಹೆದರಲಿಲ್ಲ. ಪೊರಕೆಗೆ ಯಾರು ಹೆದರುತ್ತಾರೆ? ಅಭ್ಯಾಸದಲ್ಲಿ ಕ್ವಾರ್ಟರ್‌ಬ್ಯಾಕ್‌ಗೆ ಕೆಂಪು ಅಂಗಿ ತೊಡಿಸುತ್ತಾರೆ, ಅವನನ್ನು ಯಾರೂ ಮುಟ್ಟುವ ಹಾಗಿಲ್ಲ. ಹಾಗಾಗಿ ಅಭ್ಯಾಸದಲ್ಲಿ ಎಲ್ಲ ಸರಿಯಾಗಿದೆ ಅನ್ನಿಸುತ್ತಿತ್ತು. ಬೇಸಿಗೆಯ ಪೂರ್ವಭಾವಿ ಪಂದ್ಯಗಳಲ್ಲಿ ಅವನು ಹತ್ತೋ ಹನ್ನೆರಡೋ ಸಲ ಚೆಂಡು ಹಿಡಿದಾಗ ಎರಡು ಸಲ ಕಣ್ಣು ಇಳಿಸಿದ್ದನ್ನು ನಾನು ಕಂಡೆ. ಬೇರೆ ಯಾರೂ ಗಮನಿಸಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ, ಹುಡುಗನ ಹೊಟ್ಟೆಪಾಡು ಅಂದುಕೊಂಡು.

ಮೂರನೇ ವರ್ಷ ಜನವರಿಯಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಗೆದ್ದರೂ ಸೋತರೂ ನಮಗೆ ಏನೂ ಆಗುತ್ತಿರಲಿಲ್ಲ. ನಮ್ಮ ಮುಖ್ಯ ಕ್ವಾರ್ಟರ್‌ಬ್ಯಾಕ್‌ಗೆ ವಿಶ್ರಾಂತಿ ಕೊಟ್ಟು ಡೇನ್‌ನನ್ನು ಇಳಿಸಿದೆವು. ಎದುರಿನವರೂ ತಮ್ಮ ಒಳ್ಳೆಯ ಆಳುಗಳನ್ನು ಹೊರಗೆ ಕೂರಿಸಿದ್ದರು. ಮೊದಲರ್ಧದಲ್ಲಿ ಡೇನ್ ಮೂರು ಸಲ ಚೆಂಡನ್ನು ಗೆರೆ ದಾಟಿಸಿದ. ಟೀವಿಯವರು ಕುಣಿದಾಡಿಬಿಟ್ಟರು. ವಿರಾಮದಲ್ಲಿ ನಮ್ಮ ಮ್ಯಾನೇಜರ್ ಮಿಚ್ ಅರ್ನೆಟ್ ಕೆಳಗೆ ಬಂದ. ಯಾವ ಆಟಗಾರನನ್ನು ಕೊಳ್ಳಬೇಕು, ಯಾರನ್ನು ಮಾರಬೇಕು ಅನ್ನುವುದೆಲ್ಲ ಅವನ ಕೈಯಲ್ಲಿತ್ತು. ನಲವತ್ತೊಂದು ವರ್ಷ, ಎಂದೂ ದನಿ ಏರಿಸದ ಮನುಷ್ಯ.

"ಮಾಬ್ರಿ ಇನ್ನು ಸಾಕು" ಅಂದ.

"ಹುಡುಗ ಚೆನ್ನಾಗಿ ಆಡ್ತಿದಾನಲ್ಲ?"

"ಅದಕ್ಕೇ ಸಾಕು ಅಂದಿದ್ದು. ಅವನು ಎಂಥವನು ಅಂತ ಈಗ ಯಾರಿಗೂ ಗೊತ್ತಿಲ್ಲ, ಕ್ಲೇ. ಗೊತ್ತಿಲ್ಲದ ಹುಡುಗನಿಗೇ ಜಾಸ್ತಿ ಕೊಡ್ತಾರೆ. ಇನ್ನೊಂದು ಗಂಟೆ ಆಡಿಸಿ ಎಲ್ಲರಿಗೂ ಗೊತ್ತು ಮಾಡಿಸ್ಬೇಕಾ ನೀವು?"

ಎರಡನೇ ಅರ್ಧ ಪೂರ್ತಿ ಡೇನ್ ಟೋಪಿ ಹಾಕಿಕೊಂಡು ನನ್ನ ಪಕ್ಕ ನಿಂತಿದ್ದ. ತಾನೇನು ತಪ್ಪು ಮಾಡಿದೆ ಅಂತ ಎರಡು ಸಲ ಕೇಳಿದ. ಏನೂ ಇಲ್ಲ, ಗಾಯ ಆಗಬಾರದು ಅಂತ, ಅಂದೆ.

ಫೆಬ್ರವರಿಯಲ್ಲಿ ಎಲ್ಲ ತಂಡದವರೂ ಇಂಡಿಯಾನಾಪೊಲಿಸ್‌ನಲ್ಲಿ ಸೇರುತ್ತೇವೆ. ಕಾಲೇಜಿನ ಹುಡುಗರ ಓಟ, ನೆಗೆತ, ಎತ್ತರ, ಅಂಗೈ ಅಗಲ ಎಲ್ಲವನ್ನೂ ಅಲ್ಲಿ ಅಳೆಯುತ್ತಾರೆ. ಏಪ್ರಿಲ್‌ನಲ್ಲಿ ತಂಡಗಳು ಸುತ್ತು ಸುತ್ತಾಗಿ, ಸರದಿಯ ಪ್ರಕಾರ ಒಬ್ಬೊಬ್ಬ ಹುಡುಗನನ್ನು ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಯಾರು ಹೆಚ್ಚು ಸೋತಿರುತ್ತಾರೋ ಅವರ ಸರದಿ ಮೊದಲು. ಆ ಸರದಿಯನ್ನೂ ಮಾರಬಹುದು, ಕೊಳ್ಳಬಹುದು. ಇಂಡಿಯಾನಾಪೊಲಿಸ್‌ನ ಹೋಟೆಲುಗಳಲ್ಲಿ ಆ ಒಂದು ವಾರ ನಡೆಯುವ ಮಾತೆಲ್ಲ ಅದೇ.

ಹೊರಡುವ ಮುಂಚೆ ಅರ್ನೆಟ್ ನನ್ನನ್ನು ಕರೆದು ಕೂರಿಸಿಕೊಂಡ. "ಟೊಲೀಡೊದವರು ಮಾಬ್ರಿ ಬಗ್ಗೆ ವಿಚಾರಿಸ್ತಿದಾರೆ. ಅಲ್ಲಿ ನಿಮ್ಮ ಸ್ನೇಹಿತರು ಒಬ್ಬರು ಇದಾರೆ ಅಲ್ವಾ?"

"ಇದಾರೆ."

"ನಿಮ್ಮ ಕಾಂಟ್ರಾಕ್ಟ್ ಈ ವರ್ಷ ಮುಗಿಯುತ್ತೆ ಅಲ್ವಾ?"

ಅಷ್ಟೇ ಅಂದದ್ದು. ನನಗೆ ಆಗ ಐವತ್ತೇಳು. ಏಳು ಊರು ಸುತ್ತಿದ್ದೆ, ಮೂರು ಕಡೆ ಕೆಲಸದಿಂದ ತೆಗೆಸಿಕೊಂಡಿದ್ದೆ. ಮಿಲ್ವಾಕಿಯಲ್ಲಿ ನನ್ನ ಹೆಂಡತಿ ಮೊದಲ ಸಲ ಹಿತ್ತಲಿನಲ್ಲಿ ಗಿಡ ನೆಟ್ಟಿದ್ದಳು, ನಾಲ್ಕು ವರ್ಷ ಇಲ್ಲೇ ಇರುತ್ತೇವೆ ಅನ್ನುವ ಧೈರ್ಯದ ಮೇಲೆ. ಇದನ್ನು ನೆಪ ಅಂತ ಹೇಳುತ್ತಿಲ್ಲ. ಇದ್ದದ್ದು ಹೀಗೆ.

ಲೆನ್ ನನ್ನನ್ನು ಮಧ್ಯಾಹ್ನದ ಊಟಕ್ಕೆ ಕರೆದುಕೊಂಡು ಹೋದ. ತಂಡದವರು ಯಾರೂ ಬಾರದ ಒಂದು ಹಳೇ ಹೋಟೆಲು. ಅಲ್ಲಿ ಬ್ರೆಡ್ಡಿಗಿಂತ ನಾಲ್ಕು ಪಟ್ಟು ಅಗಲವಾಗಿ ತಟ್ಟಿ ಕರಿದ ಹಂದಿಮಾಂಸವನ್ನು ಬ್ರೆಡ್ಡಿನ ನಡುವೆ ಇಟ್ಟು ಕೊಡುತ್ತಾರೆ. ಎಲ್ಲಿಂದ ಕಚ್ಚಬೇಕೆಂದು ತಿಳಿಯುವುದಿಲ್ಲ. ಲೆನ್ ಅದನ್ನು ಹಿಡಿದುಕೊಂಡೇ ಒಬ್ಬ ಹುಡುಗನ ಬಗ್ಗೆ ಹೇಳತೊಡಗಿದ. ಟೋಬಿ ವೆಸ್ಟರ್‌ಗಾರ್ಡ್, ಸೌತ್ ಡಕೋಟಾದವನು, ಅಪ್ಪ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ.

"ಎರಡು ವರ್ಷದಲ್ಲಿ ಒಂಬತ್ತು ಸಲ ಹೋಗಿದೀನಿ ಕಣೋ ಆ ಹುಡುಗನ್ನ ನೋಡೋಕೆ. ಬೇರೆ ಯಾವ ತಂಡದವನೂ ಎರಡು ಸಲಕ್ಕಿಂತ ಜಾಸ್ತಿ ಬಂದಿಲ್ಲ. ಒಂದಿನ ಅವನ್ನ ಆರು ಸಲ ಕೆಡವಿದರು. ಆರನೇ ಸಲ ಎದ್ದವನು ಕೆಡವಿದವನಿಗೇ ಕೈ ಕೊಟ್ಟು ಎಬ್ಬಿಸಿ, ಮುಂದಿನ ಚೆಂಡನ್ನ ಅರವತ್ತು ಗಜ ಎಸೆದ. ನಾನು ಒಬ್ಬನೇ ಕಾರಲ್ಲಿ ಕೂತು ಅತ್ತೆ, ಗೊತ್ತಾ? ಚಳಿಗೆ ಅಂತ ಇಟ್ಕೋ."

"ತಗೊಳ್ರಿ ಮತ್ತೆ."

"ಎರಡನೇ ಸುತ್ತಲ್ಲಿ ನಮ್ಮ ಸರದಿ ಮೂವತ್ತೊಂಬತ್ತನೇದು. ಅದರಲ್ಲಿ ಟೋಬಿ. ಮೊದಲನೇ ಸುತ್ತಲ್ಲಿ ಏಳನೇದು, ಅದರಲ್ಲಿ ಕ್ವಾರ್ಟರ್‌ಬ್ಯಾಕ್‌ನ ಎಡಗಡೆ ಕಾವಲಿಗೆ ಒಬ್ಬ ಒಳ್ಳೇ ಆಳು. ಈಗಿರೋನ ಮಂಡಿ ಸವೆದುಹೋಗಿದೆ. ಎಲ್ಲಾ ಬರೆದು ಇಟ್ಟಿದೀನಿ. ಆದ್ರೆ ನಮ್ಮ ಮ್ಯಾನೇಜರಿಗೆ ಹೆದರಿಕೆ. ಹೊಸಬ ತಯಾರಾಗೋಕೆ ಎರಡು ವರ್ಷ ಬೇಕು, ಮಾಲೀಕ್ರಿಗೆ ಈ ವರ್ಷವೇ ಗೆಲ್ಲಬೇಕು. ಅದಕ್ಕೆ ನಿಮ್ಮ ಡೇನ್ ಬೇಕಂತೆ. ಮೂವತ್ತೊಂಬತ್ತನೇದೂ ಕೊಡ್ತಾರಂತೆ, ಮುಂದಿನ ವರ್ಷದ ಮೊದಲನೇ ಸುತ್ತಿನದೂ ಕೊಡ್ತಾರಂತೆ."

ಲೆನ್ ತಟ್ಟೆ ಪಕ್ಕಕ್ಕೆ ಸರಿಸಿದ.

"ನೋಡು, ಡೇನ್ ನಿಜವಾಗ್ಲೂ ಒಳ್ಳೆಯವನಾಗಿದ್ರೆ ನನ್ನದೇನೂ ತಕರಾರಿಲ್ಲ. ಟೋಬಿನ ಮರೆತುಬಿಡ್ತೀನಿ. ಅಲ್ಲ ಅಂದ್ರೆ ನಾನು ಆ ಮೀಟಿಂಗಲ್ಲಿ ಮೇಜಿನ ಮೇಲೆ ಅಡ್ಡ ಮಲಗಿಯಾದ್ರೂ ತಡೀತೀನಿ. ಹತ್ತೊಂಬತ್ತು ವರ್ಷದಿಂದ ಇದೀನಿ, ನನ್ನ ಮಾತು ಒಂದಷ್ಟು ನಡೆಯುತ್ತೆ. ನೀನು ಮೂರು ವರ್ಷ ಅವನ ಜೊತೆ ಇದ್ದೆ. ಏನಾದ್ರೂ ಇದೆಯಾ?"

"ಅವನಷ್ಟು ಕಷ್ಟಪಡೋ ಹುಡುಗನ್ನ ನಾನು ನೋಡಿಲ್ಲ."

"ನಾನು ಕೇಳಿದ್ದು ಅದಲ್ಲ."

"ಕೈ ಚೆನ್ನಾಗಿದೆ. ನೀನೇ ನೋಡಿದೀಯಲ್ಲ ಪಂದ್ಯ."

"ಅರ್ಧ ನೋಡಿದೆ. ಒಂದು ಸಲವೂ ಅವನ್ನ ಯಾರೂ ಮುಟ್ಟಲಿಲ್ಲ. ಮೇಲೆ ಬಿದ್ದು ಬಂದಾಗ ಹೇಗೆ?"

ನಾನು ಒಂದು ತುತ್ತು ಕಚ್ಚಿ ಬಾಯಿ ತುಂಬಿಸಿಕೊಂಡೆ. ಅಗಿದು ನುಂಗುವಷ್ಟು ಹೊತ್ತು ಅವನು ಕಾದ. ಅಷ್ಟು ಹೊತ್ತಿನಲ್ಲಿ ನಾನು ಬೇಕಾದರೆ ಮೂರು ಸಲ ಹೇಳಬಹುದಿತ್ತು.

"ಏನೂ ತೊಂದರೆ ಇಲ್ಲ ಲೆನ್" ಅಂದೆ.

ಅವನ ಭುಜ ಇಳಿಯಿತು, ಹಗುರಾದವನ ಹಾಗೆ. "ಸರಿ ಬಿಡು. ಹಾಗಾದ್ರೆ ಒಳ್ಳೇದೇ ಆಯ್ತು" ಅಂತ ನನ್ನ ತಟ್ಟೆಯಿಂದ ಆಲೂಗೆಡ್ಡೆ ಚೂರುಗಳನ್ನು ಎತ್ತಿ ತಿನ್ನತೊಡಗಿದ. ಅವತ್ತು ಅವನು ಖುಷಿಯಾಗಿದ್ದ. ಟೊಲೀಡೊದಲ್ಲಿ ಕೊನೆಗೂ ಒಬ್ಬ ಕ್ವಾರ್ಟರ್‌ಬ್ಯಾಕ್ ಬರುತ್ತಾನೆ, ಅದೂ ತನ್ನ ಗೆಳೆಯ ತಯಾರು ಮಾಡಿದವನು ಅಂತ.

ಮಾರ್ಚ್‌ನಲ್ಲಿ ವ್ಯಾಪಾರ ಮುಗಿಯಿತು. ಡೇನ್ ತನ್ನ ಸಾಮಾನು ಕಟ್ಟಿಕೊಂಡು ನನ್ನ ಕೋಣೆಗೆ ಬಂದ. ಬಾಗಿಲಲ್ಲೇ ನಿಂತು, "ಸರ್, ನಾನು ತಯಾರಾಗಿದೀನಿ ಅಂತ ನಿಮಗೆ ಅನ್ಸುತ್ತಾ?" ಅಂದ.

"ಆಗಿದೀಯಪ್ಪ" ಅಂದೆ.

ಅವನು ಇನ್ನೂ ಏನೋ ಹೇಳುವವನ ಹಾಗೆ ನಿಂತಿದ್ದ. ಆಮೇಲೆ ಕೈ ಕುಲುಕಿ ಹೋದ.

ಏಪ್ರಿಲ್‌ನಲ್ಲಿ ಟೊಲೀಡೊದವರ ಲೆಕ್ಕವೆಲ್ಲ ತಲೆಕೆಳಗಾಯಿತು. ಇಷ್ಟು ಕೊಟ್ಟು ಕ್ವಾರ್ಟರ್‌ಬ್ಯಾಕ್ ತಂದ ಮೇಲೆ ಅವನ ಚೆಂಡು ಹಿಡಿಯಲು ಒಬ್ಬ ಓಟಗಾರ ಬೇಡವೇ ಅಂತ ಅವರ ಮ್ಯಾನೇಜರ್ ಏಳನೇ ಸರದಿಯಲ್ಲಿ ಓಟಗಾರನನ್ನು ಎತ್ತಿದ. ಎಡಗಡೆಯ ಕಾವಲಿಗೆ ಲೆನ್ ಗುರುತು ಹಾಕಿದ್ದ ಆಳು ಮುಂದಿನ ಐದು ನಿಮಿಷದಲ್ಲಿ ಬೇರೆಯವರ ಪಾಲಾದ. ಎರಡನೇ ಸುತ್ತಿನಲ್ಲಿ ಅವರಿಗೆ ಸರದಿಯೇ ಇರಲಿಲ್ಲ. ಕೂತು ನೋಡುವುದಷ್ಟೇ. ಅವರ ಮೂವತ್ತೊಂಬತ್ತನೇ ಸರದಿಯಲ್ಲಿ ನಾವು ಸೆಮಿ ಫೌವಾ ಅನ್ನುವ ಸಮೋವಾ ದ್ವೀಪದ ಮೂಲದ ಹುಡುಗನನ್ನು ತೆಗೆದುಕೊಂಡೆವು. ನೂರಿಪ್ಪತ್ತೈದು ಕಿಲೋ ತೂಕ, ಜಿಂಕೆಯ ಕಾಲು. ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಎರಗುವುದೇ ಅವನ ಕಸುಬು.

ಟೋಬಿ ಮೂರನೇ ಸುತ್ತಿನವರೆಗೂ ಉಳಿಯಬಹುದು ಅಂತ ಲೆನ್ ಆಸೆ ಇಟ್ಟುಕೊಂಡಿದ್ದ. ಬೇರೆ ಯಾರಿಗೂ ಅವನ ಬೆಲೆ ಗೊತ್ತಿಲ್ಲ ಅನ್ನುವ ಧೈರ್ಯ. ಟೊಲೀಡೊದ ಸರದಿಗೆ ಇನ್ನು ಐದು ಬಾಕಿ ಇದ್ದಾಗ ಪಶ್ಚಿಮ ಕರಾವಳಿಯ ಒಂದು ತಂಡ ಟೋಬಿಯ ಹೆಸರು ಕೂಗಿತು. ಮಾರನೇ ದಿನ ಬೆಳಿಗ್ಗೆ ಲೆನ್ ಫೋನ್ ಮಾಡಿದ.

"ಉಳಿದ ಚೂರುಪಾರು ಗುಡಿಸಿಕೊಂಡು ಬಂದ್ವಿ" ಅಂದ. "ಎಡಗಡೆಗೆ ಐದನೇ ಸುತ್ತಲ್ಲಿ ಒಬ್ಬ ಸಿಕ್ಕಿದ. ಪಾಪ, ನಡೆಯೋಕೆ ಬರುತ್ತೆ ಅವನಿಗೆ. ಟೋಬಿಗೆ ಫೋನ್ ಮಾಡಿ ಒಳ್ಳೇದಾಗಲಿ ಅಂದೆ. ಅವರಪ್ಪ ಫೋನ್ ಇಸ್ಕೊಂಡು, 'ನೀವು ಬರ್ತೀರಿ ಅಂದ್ಕೊಂಡಿದ್ವಿ' ಅಂದ ಕಣೋ. ಏನು ಹೇಳಲಿ? ಹೋಗ್ಲಿ ಬಿಡು, ನಿನ್ನ ಹುಡುಗ ಇದಾನಲ್ಲ."

ಸೆಪ್ಟೆಂಬರ್‌ನಲ್ಲಿ ಡೇನ್ ಮೊದಲ ಎರಡು ಪಂದ್ಯ ಗೆದ್ದ. ಟೊಲೀಡೊದ ಬಾರುಗಳ ಕಿಟಕಿಯಲ್ಲಿ ಅವನ ಚಿತ್ರ ಬಂತು. ಲೆನ್ ಅವನ ಹೆಸರಿನ ಅಂಗಿ ತೊಟ್ಟ ಮೊಮ್ಮಗಳ ಫೋಟೋ ಕಳಿಸಿದ. ಆಮೇಲೆ ಒಂದೊಂದಾಗಿ ಸೋಲು ಶುರುವಾಯಿತು. ಅಕ್ಟೋಬರ್ ಮುಗಿಯುವ ಹೊತ್ತಿಗೆ ಮೂರು ಗೆಲುವು, ಐದು ಸೋಲು. ಎಡಗಡೆಯ ಹಳೆಯ ಕಾವಲಿನವನು ಮಂಡಿ ಹಿಡಿದು ಮನೆಗೆ ಹೋಗಿದ್ದ, ಐದನೇ ಸುತ್ತಿನ ಹೊಸಬ ಅವನ ಜಾಗದಲ್ಲಿ ನಿಂತಿದ್ದ.

ಟೊಲೀಡೊದ ಮುಂದಿನ ವರ್ಷದ ಮೊದಲ ಸುತ್ತಿನ ಸರದಿ ನಮ್ಮದಾಗಿತ್ತಲ್ಲ, ಅವರು ಸೋತಷ್ಟೂ ಅದು ಮೇಲಕ್ಕೆ ಬರುತ್ತಿತ್ತು. ನಮ್ಮ ಆಫೀಸಿನ ಕಾರಿಡಾರಿನಲ್ಲಿ ಯಾರೋ ಒಂದು ದೊಡ್ಡ ಕಾಗದ ಅಂಟಿಸಿ, ಟೊಲೀಡೊ ಸೋತಾಗಲೆಲ್ಲ ಅದರ ಮೇಲೆ ಒಂದು ಕೆಂಪು ಗೀಟು ಹಾಕುತ್ತಿದ್ದರು. ಸೋಮವಾರ ಬೆಳಿಗ್ಗೆ ಕಾಫಿ ಹಿಡಿದು ಬಂದವರೆಲ್ಲ ಅದರ ಮುಂದೆ ನಿಂತು ನಗುತ್ತಿದ್ದರು. ನನ್ನ ಕೋಣೆಗೆ ಹೋಗಲು ಅದೇ ದಾರಿ.

ನವೆಂಬರ್‌ನಲ್ಲಿ ನಾವೇ ಟೊಲೀಡೊಗೆ ಹೋಗಿ ಆಡಬೇಕಿತ್ತು. ಆ ವಾರದ ಮಂಗಳವಾರ, ನಮ್ಮ ರಕ್ಷಣಾ ಕೋಚ್ ಕಾರ್ಮೈನ್ ಬೆಲ್ಲೊ ನನ್ನನ್ನು ತನ್ನ ಕೋಣೆಗೆ ಕರೆದ. ಎದುರಾಳಿಯ ಕ್ವಾರ್ಟರ್‌ಬ್ಯಾಕ್‌ನನ್ನು ತಡೆಯುವ ಉಪಾಯ ಹೂಡುವುದು ಅವನ ಕೆಲಸ.

"ಗುರುವೇ, ನಿನ್ನ ಮಾನಸಪುತ್ರ ಸಿಗ್ತಿದಾನೆ ಭಾನುವಾರ. ಎಲ್ಲಿ ಚುಚ್ಚಿದ್ರೆ ಗಾಳಿ ಹೋಗುತ್ತೆ, ಸ್ವಲ್ಪ ಹೇಳು."

ಅವನ ಬಿಳಿ ಬೋರ್ಡಿನ ಮುಂದೆ ನಿಂತೆ. ಪೆನ್ನು ತೆಗೆದುಕೊಂಡೆ. ಎಡಗಡೆಯಿಂದ ಒಬ್ಬನನ್ನು ಬಿಡು, ಚೆಂಡು ಹೊರಡುವ ಮುಂಚೆಯೇ ಅವನು ಬರುತ್ತಾನೆ ಅಂತ ಡೇನ್‌ಗೆ ತೋರಿಸು. ಪ್ರತಿ ಸಲ ನಿಜವಾಗಿ ಬರದಿದ್ದರೂ ಪರವಾಗಿಲ್ಲ, ಮೊದಲ ಮೂರು ಸಲ ಬಂದರೆ ಸಾಕು. ಆಮೇಲೆ ಅವನು ಇಡೀ ದಿನ ಅತ್ತಲೇ ನೋಡುತ್ತಾನೆ. ಕಣ್ಣು ಇಳಿಸುತ್ತಾನೆ, ಚೆಂಡು ಕೈಯಲ್ಲೇ ಉಳಿಯುತ್ತದೆ. ಎಲ್ಲವನ್ನೂ ಬಿಡಿಸಿ ಬರೆದು ತೋರಿಸಿದೆ. ನಾನು ಸಂಬಳ ತೆಗೆದುಕೊಳ್ಳುವುದು ಮಿಲ್ವಾಕಿಯಿಂದ, ಇದು ನನ್ನ ಕೆಲಸ.

ಬೆಲ್ಲೊ ಸಿಳ್ಳೆ ಹಾಕಿದ. "ಇದನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ಯೋ ಮಾರಾಯ?"

ಭಾನುವಾರ ಈರಿ ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಮೈದಾನಕ್ಕೆ ಬಂದ ಡೇನ್ ದೂರದಿಂದಲೇ ನನ್ನನ್ನು ನೋಡಿ ಕೈ ಎತ್ತಿದ. ನಾನೂ ಎತ್ತಿದೆ. ಮೊದಲ ಸಲವೇ ಫೌವಾ ಎಡಗಡೆಯಿಂದ ನುಗ್ಗಿ ಅವನನ್ನು ಕೆಡವಿದ. ಎರಡನೇ ಸಲ ಚೆಂಡು ನಮ್ಮವರ ಕೈಗೆ ಬಂತು. ಮೂರನೇ ಸಲದ ಹೊತ್ತಿಗೆ ಡೇನ್‌ನ ತಲೆ ಆಗಲೇ ಎಡಕ್ಕೆ ತಿರುಗುತ್ತಿತ್ತು. ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಿದ್ದ ನನ್ನ ಬಾಯಲ್ಲಿ, ಮುಂದೆ ನೋಡು, ಮುಂದೆ ನೋಡು, ಅಂತ ಬಂದುಬಿಟ್ಟಿತು. ಪಕ್ಕದವನು ವಿಚಿತ್ರವಾಗಿ ನೋಡಿದ.

ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಅದಾಯಿತು. ಅವನ ಓಟಗಾರ ದೂರದಲ್ಲಿ ಒಬ್ಬನೇ ಕೈ ಎತ್ತಿಕೊಂಡು ಓಡುತ್ತಿದ್ದ, ಸುತ್ತ ಯಾರೂ ಇರಲಿಲ್ಲ. ಡೇನ್ ಅವನನ್ನು ನೋಡಲಿಲ್ಲ. ಫೌವಾನನ್ನು ನೋಡುತ್ತ ನಿಂತ. ಫೌವಾ ಬಂದು ಅಪ್ಪಳಿಸಿ ಅವನ ಸಮೇತ ಬಿದ್ದ. ಡೇನ್‌ನ ಬಲಭುಜ ಕೆಳಗೆ ಸಿಕ್ಕಿಕೊಂಡಿತು. ಎಸೆಯುವ ಕೈಯ ಭುಜ.

ಅರವತ್ತು ಸಾವಿರ ಜನ ಒಮ್ಮೆಲೇ ಸುಮ್ಮನಾದರು. ಫೌವಾ ಮಂಡಿಯೂರಿ ಕೂತು ತಲೆ ತಗ್ಗಿಸಿಕೊಂಡ. ಒಳ್ಳೆಯ ಹುಡುಗ ಅವನು, ಆಮೇಲೆ ಆಸ್ಪತ್ರೆಗೂ ಹೋಗಿ ನೋಡಿ ಬಂದ. ನಮ್ಮ ಬೆಂಚಿನ ಹಿಂದೆ ಮಾತ್ರ ಯಾರೋ ಮೆಲ್ಲಗೆ ಅಂದರು: "ಇವರ ಸರದಿ ಇನ್ನು ಮೊದಲ ಐದರೊಳಗೇ." ತಿರುಗಿ ಯಾರೆಂದು ನೋಡಲಿಲ್ಲ. ನೋಡಿದ್ದರೆ ಏನು ಮಾಡುತ್ತಿದ್ದೆ?

ಪಂದ್ಯ ಮುಗಿದ ಮೇಲೆ ಅವರ ಕಡೆಯ ವೈದ್ಯರ ಕೋಣೆಗೆ ಹೋದೆ. ಡೇನ್ ಕೈಯನ್ನು ಎದೆಗೆ ಕಟ್ಟಿಸಿಕೊಂಡು ಮೇಜಿನ ಅಂಚಿನಲ್ಲಿ ಕೂತಿದ್ದ. ನೋವಿಗೆ ಸೂಜಿ ಚುಚ್ಚಿದ್ದರು, ಕಣ್ಣು ಮಂಕಾಗಿತ್ತು. ನನ್ನನ್ನು ನೋಡಿ ಅವನೇ ಕೇಳಿದ.

"ಸರ್, ಎಡಗಡೆದು... ನೀವೇ ಹೇಳಿದ್ದಾ ಅವರಿಗೆ?"

"ಹೌದು."

ಅವನು ತಲೆಯಾಡಿಸಿದ. ಕೋಪ ಇರಲಿಲ್ಲ. "ನನಗೊಬ್ಬನಿಗೇ ಗೊತ್ತಿದೆ ಅಂದ್ಕೊಂಡಿದ್ದೆ ಸರ್. ಮೂರು ವರ್ಷ ನಿಮ್ಮಿಂದ ಮುಚ್ಚಿಟ್ಟೆ ಅಂತ ಮನಸ್ಸಿಗೆ ಒಂಥರಾ ಆಗ್ತಿತ್ತು. ಹೋಗೋ ದಿನ ಹೇಳೋಣ ಅಂತ ಬಂದೆ. ನೀವು ತಯಾರಾಗಿದೀಯ ಅಂದ್ರಿ. ನಿಮಗೇ ಕಂಡಿಲ್ಲ ಅಂದ್ಮೇಲೆ ಅದು ಇಲ್ಲ ಅಂತಲೇ ನಂಬಿಬಿಟ್ಟೆ."

ಅವನ ಹೆಂಡತಿ ಒಳಗೆ ಬಂದಳು. ನಾನು ಹೊರಗೆ ಬಂದೆ. ಡೇನ್‌ನ ಭುಜಕ್ಕೆ ಎರಡು ಸಲ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಅವನು ಎಂದೂ ಆಡಲಿಲ್ಲ.

ಟೊಲೀಡೊ ಆ ವರ್ಷ ಮತ್ತೆ ಒಂದೂ ಪಂದ್ಯ ಗೆಲ್ಲಲಿಲ್ಲ. ಅವರ ಸರದಿ ನಾಲ್ಕನೆಯದಾಗಿ ನಮ್ಮ ಕೈಗೆ ಬಂತು. ಕೊನೆಯ ಪಂದ್ಯ ಮುಗಿದ ಕೂಡಲೇ ಅವರು ಮ್ಯಾನೇಜರನ್ನು ಉಳಿಸಿಕೊಂಡು, ಆಟಗಾರರನ್ನು ಹುಡುಕುವವರಲ್ಲಿ ನಾಲ್ವರನ್ನು ಕೆಲಸದಿಂದ ತೆಗೆದರು. ಅದರಲ್ಲಿ ಲೆನ್ ಒಬ್ಬ. ಅದೇ ವಾರ ಅರ್ನೆಟ್ ನನ್ನ ಕಾಂಟ್ರಾಕ್ಟನ್ನು ಎರಡು ವರ್ಷ ಮುಂದುವರಿಸಿದ. ನಾನು ಸಹಿ ಹಾಕಿದೆ.

ಜನವರಿಯ ಕೊನೆಯ ಶನಿವಾರ ಕಾರು ತೆಗೆದುಕೊಂಡು ಟೊಲೀಡೊಗೆ ಹೋದೆ. ಫೋನ್ ಮಾಡಿರಲಿಲ್ಲ. ಮಾಡಿದ್ದರೆ ಬೇಡ ಅನ್ನುತ್ತಾನೆ ಅನ್ನುವ ಭಯ. ಬರ್ನಡೆಟ್ ಬಾಗಿಲು ತೆಗೆದಳು. ಹಿಂದೆಲ್ಲ ನನ್ನನ್ನು ನೋಡಿದರೆ ಒಳಗೆ ಎಳೆದುಕೊಂಡು ಮೊದಲು ತಟ್ಟೆ ಇಡುತ್ತಿದ್ದವಳು, ಈಗ ಬಾಗಿಲ ಅಡ್ಡವೇ ನಿಂತಳು.

"ಹಿಂದುಗಡೆ ಇದಾರೆ, ಹಿಮ ತೆಗೀತಾ" ಅಂದಳು. "ಆ ಕಡೆಯಿಂದಲೇ ಹೋಗಿ."

ಲೆನ್ ಸಲಿಕೆಯಲ್ಲಿ ಗ್ಯಾರೇಜಿನ ಮುಂದಿನ ಹಿಮ ಎತ್ತಿ ಬದಿಗೆ ಹಾಕುತ್ತಿದ್ದ. ತೆಳ್ಳಗಾಗಿದ್ದ. ನನ್ನನ್ನು ನೋಡಿದ, ಸಲಿಕೆ ನಿಲ್ಲಿಸಲಿಲ್ಲ.

"ಬೆಲ್ಲೊಗೆ ನೀನೇ ಹೇಳಿದ್ದು, ಅಲ್ವಾ?"

"ಹೌದು."

"ಪಂದ್ಯ ಹತ್ತು ಸಲ ಹಾಕ್ಕೊಂಡು ನೋಡ್ದೆ. ಮೊದಲನೇ ಚೆಂಡಿಂದಲೇ ಗೊತ್ತಿತ್ತು ನಿಮ್ಮವರಿಗೆ. ಹೇಳೋಕೆ ಎಷ್ಟು ಹೊತ್ತು ಹಿಡೀತು?"

"ಹತ್ತು ನಿಮಿಷ."

"ನನಗೆ ಒಂದು ನಿಮಿಷ ಸಾಕಾಗ್ತಿತ್ತು."

ಅವನು ಇನ್ನೊಂದು ಸಲಿಕೆ ಹಿಮ ಎತ್ತಿ ಹಾಕಿದ. ನಿಜ ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು ಅಂದೆ. ಅರ್ನೆಟ್ ಏನು ಹೇಳಿದ್ದ ಅನ್ನುವುದನ್ನೂ ಹೇಳಿದೆ.

"ಗೊತ್ತು ಬಿಡೋ. ಈ ಕಸುಬಲ್ಲಿ ಸುಳ್ಳು ಹೇಳದೆ ಇರೋನು ಯಾವನಿದಾನೆ? ನಾನೇ ಎಷ್ಟು ಜನಕ್ಕೆ ಹೇಳಿಲ್ಲ. ಆದ್ರೆ ನೀನು 'ಲೆನ್, ಇದನ್ನ ಕೇಳಬೇಡ' ಅಂದಿದ್ರೆ ಆಗ್ತಿತ್ತಲ್ಲೋ. ಅಷ್ಟೇ. ಕೇಳಬೇಡ ಅಂತ. ನಿಮ್ಮ ಅರ್ನೆಟ್ ಪಕ್ಕದಲ್ಲೇ ಕೂತಿದ್ರೂ ಅದರಲ್ಲಿ ತಪ್ಪು ಹುಡುಕೋಕಾಗ್ತಿರಲಿಲ್ಲ. ನನಗೆ ಮಾತ್ರ ಎಲ್ಲಾ ಅರ್ಥ ಆಗಿಬಿಡ್ತಿತ್ತು."

ಆ ಮಾತು ನನಗೆ ಅದುವರೆಗೂ ಹೊಳೆದೇ ಇರಲಿಲ್ಲ. ಹನ್ನೊಂದು ತಿಂಗಳು ನನ್ನ ಪರವಾಗಿ ನಾನೇ ವಾದ ಮಾಡಿಕೊಂಡಿದ್ದೆ, ಹೇಳಿದರೆ ನನ್ನ ಮನೆ ಮುಳುಗುತ್ತಿತ್ತು, ಹೇಳದಿದ್ದರೆ ಅವನದು ಅಂತ. ನಡುವೆ ಎರಡು ಪದದಷ್ಟು ಜಾಗ ಇತ್ತು.

"ಅದೂ ಹೋಗ್ಲಿ" ಅಂದ ಲೆನ್. "ಡೇನ್‌ನ ತಗೊಂಡೇ ತಗೋತಾರೆ ಅಂತಾಗಿತ್ತು ಅಂದ್ಕೋ. ಆಮೇಲಾದ್ರೂ ಒಂದು ಮಾತು ಹೇಳಬಹುದಿತ್ತು, ಎಡಗಡೆ ಭದ್ರ ಮಾಡ್ಕೊಳ್ಳಿ ಅಂತ. ಆಗ ಅವನು ನಿಮ್ಮವನೂ ಆಗಿರಲಿಲ್ಲ. ಏಳನೇ ಸರದೀಲಿ ಕಾವಲಿನ ಆಳನ್ನ ತಗೋತಿದ್ವಿ. ಆ ಹುಡುಗನ ಕೈ ಉಳೀತಿತ್ತು. ಅವನಿಗೊಂದು ಮಗು ಹುಟ್ಟಿದೆ, ಗೊತ್ತಾ? ಎತ್ತಿಕೊಳ್ಳೋಕೆ ಆಗಲ್ಲ ಅವನಿಗೆ, ಬಲಗೈಯಲ್ಲಿ."

ನನಗೆ ಗೊತ್ತಿರಲಿಲ್ಲ. ಲೆನ್ ಅರ್ಕನ್ಸಾಗೆ ಹೋಗಿ ಅವನನ್ನು ನೋಡಿಕೊಂಡು ಬಂದಿದ್ದನಂತೆ, ಕೆಲಸ ಹೋದ ಮಾರನೇ ವಾರ. ಅಭ್ಯಾಸಬಲ, ಕಾರು ತಾನಾಗಿ ಹೊರಟಿತು ಅಂದ.

"ಕ್ಷಮಿಸು ಲೆನ್" ಅಂದೆ.

ಅವನು 'ಹೂಂ' ಅಂದ. ಕ್ಷಮಿಸಿದೆ ಅಂತಲ್ಲ, ಕೇಳಿಸಿಕೊಂಡೆ ಅಂತ. ಕೊಡು, ಸ್ವಲ್ಪ ಹೊತ್ತು ನಾನು ತೆಗೀತೀನಿ, ಅಂತ ಸಲಿಕೆಗೆ ಕೈ ಚಾಚಿದೆ. ಬೇಡ ಅಂದ.

ರಸ್ತೆಗೆ ಬಂದು ಕಾರು ಸ್ಟಾರ್ಟ್ ಮಾಡಿದರೆ ಅದು ಮುಂದಕ್ಕೆ ಹೋಗಲಿಲ್ಲ. ಹಿಮ ತೆಗೆಯುವ ಲಾರಿ ಬಂದು ಹೋಗಿ ಬದಿಯಲ್ಲಿ ಗುಡ್ಡೆ ಹಾಕಿತ್ತು, ಹಿಂದಿನ ಚಕ್ರ ಅದರಲ್ಲಿ ಹೂತಿತ್ತು. ಒತ್ತಿದಷ್ಟೂ ಸುತ್ತುತ್ತಿತ್ತು, ಸುಟ್ಟ ರಬ್ಬರಿನ ವಾಸನೆ ಬಂತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಕನ್ನಡಿಯಲ್ಲಿ ನೋಡಿದರೆ ಲೆನ್ ಸಲಿಕೆ ಹಿಡಿದು ಬರುತ್ತಿದ್ದ. ಚಕ್ರದ ಸುತ್ತ ಕೆದಕಿದ, ಸಲಿಕೆಯನ್ನು ಹಿಮಕ್ಕೆ ಚುಚ್ಚಿ ನಿಲ್ಲಿಸಿದ, ಎರಡೂ ಅಂಗೈ ಡಿಕ್ಕಿಯ ಮೇಲೆ ಊರಿದ.

"ಮೆಲ್ಲಗೆ ಒತ್ತು" ಅಂತ ಕೂಗಿದ. "ಹೊರಗೆ ಬಂದ ಮೇಲೆ ನಿಲ್ಲಿಸಬೇಡ. ನಿಲ್ಲಿಸಿದ್ರೆ ಮತ್ತೆ ಹೂತ್ಕೊಳ್ಳುತ್ತೆ. ಹಾಗೇ ಹೋಗ್ತಾ ಇರು."

ಅವನು ಮೂರು ಸಲ ನೂಕಿದ. ಮೂರನೇ ಸಲಕ್ಕೆ ಚಕ್ರ ನೆಲ ಕಚ್ಚಿ ಕಾರು ಒಮ್ಮೆಲೇ ಮುಂದೆ ಹಾರಿತು. ಕಿಟಕಿ ಇಳಿಸಿ ಏನಾದರೂ ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ತಿರುವು ಬಂತು. ನಾನು ನಿಲ್ಲಿಸಲಿಲ್ಲ.